ಹಳೆಯ ಮೋಟಾರು ಸೈಕಲು ಕೊಳ್ಳುವವರಿಗೆ ಕೆಲವು ಕಿವಿಮಾತುಗಳು

ಕೊನೆಕೊಯ್ಲು ಮುಗಿದು ಅಡಿಕೆ ಮಂಡಿ ಸೇರಿ, ಕಾಫಿ ಕಣದಿಂದ ಚೀಲಕ್ಕೆ ಬಿದ್ದ ಮೇಲೆ ನಮ್ಮ ಬೆಳೆಗಾರರ ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ವಾಡಿಕೆ. ಸಾಲದ ಕಂತು, ಗೊಬ್ಬರದ ಬಾಕಿ, ಮನೆಯ ಮಾಡಿನ ರಿಪೇರಿ ಇವುಗಳ ಸಾಲಿಗೆ ಮನೆಗೊಂದು ಮೋಟಾರು ಸೈಕಲಿನ ಬೇಡಿಕೆಯೂ ಸೇರಿಕೊಂಡು ಬಹಳ ಕಾಲವಾಯಿತು. ಇದನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬರುವ ಊರಿನಲ್ಲಿ ಪಂಪಿನ ವಾಷರಿಗಾಗಿ ಪೇಟೆಗೆ ಹೋದವನ ಇಡೀ ದಿನವೇ ಹಾಳು. ಕೊನೆಗೌಡನನ್ನು ಕರೆತರಲು, ಹಾಲು ಡೈರಿಗೆ ಮುಟ್ಟಿಸಲು, ರಾತ್ರಿ ಹೊತ್ತು ಡಾಕ್ಟರ ಬಾಗಿಲು ತಟ್ಟಲು ಇಂದು ಬೈಕೇ ಆಗಬೇಕು.

ಹೊಸದಕ್ಕೆ ಹಣ ಸಾಲದು, ಆದ್ದರಿಂದ ಹಳೆಯದು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಓಡಿಸಲು ಈಗಷ್ಟೇ ಕಲಿಯುತ್ತಿರುವವನು ಬೈಕು ನೋಡಲು ಹೋದಾಗ ಅವನ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ, ಆಮೇಲೆ ಬೆಲೆಯ ಮೇಲೆ. ನಾವೂ ಹಾಗೆಯೇ ಮಾಡಿ ಪಾಠ ಕಲಿತವರು. ಆ ಕಥೆಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ನಮ್ಮ ಮನೆಯ ಲೆಕ್ಕ

ನಮ್ಮ ಮನೆಯ ಹುಡುಗನಿಗಾಗಿ ಒಂದು 100 ಸಿ.ಸಿ. ಬೈಕನ್ನು 18,000 ರೂಪಾಯಿಗೆ ತಂದೆವು. ಅದೇ ವಾರ ನೆರೆಯವರೊಬ್ಬರು ತಮ್ಮ ಸ್ವಂತದ ಬೈಕನ್ನು 26,000ಕ್ಕೆ ಕೊಡುತ್ತೇನೆಂದಿದ್ದರು. ಎಂಟು ಸಾವಿರ ಉಳಿಯಿತಲ್ಲ ಎಂಬ ಸಂತೋಷ ನಮ್ಮದು. ತಂದ ಮೇಲೆ ಎರಡು ಟೈರಿಗೆ 3,400, ಚೈನ್ ಸೆಟ್ಟಿಗೆ 1,200, ಕ್ಲಚ್ ಪ್ಲೇಟಿಗೆ 900, ಬ್ಯಾಟರಿಗೆ 1,100, ವಿಮೆ ಹಾಗೂ ಕಾಗದಪತ್ರಗಳಿಗೆ 2,400. ಒಟ್ಟು 9,000. ಹೀಗೆ 18,000ದ ಬೈಕು 27,000ದ್ದಾಯಿತು. ನೆರೆಯವರದು ಬೇರೆಯವರ ಪಾಲಾಗಿತ್ತು.

ಹಣದ ಮಾತು ಅಷ್ಟಕ್ಕೇ ಮುಗಿದಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲ. ಜೂನ್ ತಿಂಗಳ ಮೊದಲ ಮಳೆ ಬಿದ್ದು ಹೊಳವಾದ ಒಂದು ಬೆಳಿಗ್ಗೆ, ಬೋರ್ಡೋ ಸಿಂಪಡಣೆಗೆಂದು ಹುಡುಗ ಮೈಲುತುತ್ತ ತರಲು ಹೊರಟ. ಧರೆಯ ಪಕ್ಕದ ಇಳಿಜಾರಿನಲ್ಲಿ ಬೈಕಿನ ಕುತ್ತಿಗೆಯ ಹತ್ತಿರ ಹಾಕಿದ್ದ ಹಳೆಯ ಬೆಸುಗೆ ಬಾಯಿಬಿಟ್ಟಿತು. ಮುಂದಿನ ಚಕ್ರ ಒಂದು ಕಡೆ, ಹುಡುಗ ಚರಂಡಿಯಲ್ಲಿ. ತಲೆಯಲ್ಲಿ ಹೆಲ್ಮೆಟ್ ಇದ್ದುದರಿಂದ ಬದುಕಿಕೊಂಡ; ಭುಜದ ಕೊರಳೆಲುಬು ಮುರಿಯಿತು. ಆಸ್ಪತ್ರೆ, ಮನೆ ಎಂದು ಅಲೆಯುವಷ್ಟರಲ್ಲಿ ಸಿಂಪಡಣೆ ಹದಿನೈದು ದಿನ ಹಿಂದೆ ಬಿತ್ತು. ಕೆಳಗಿನ ಪಾಲಿನ ತೋಟಕ್ಕೆ ಕೊಳೆ ಹತ್ತಿತು. ಎಂಟು ಸಾವಿರ ಉಳಿಸಲು ಹೋಗಿ ಏನೆಲ್ಲ ಕಳೆದೆವೆಂಬುದನ್ನು ಇಂದಿಗೂ ಪೂರ್ತಿ ಲೆಕ್ಕ ಹಾಕಿಲ್ಲ. ಆ ಬೆಸುಗೆಯ ಮೇಲೆ ಬಳಿದಿದ್ದ ಹೊಸ ಕಪ್ಪು ಬಣ್ಣವನ್ನು ಕೊಳ್ಳುವ ದಿನವೇ ನಾವು ಕಂಡಿದ್ದೆವು. "ಚೆನ್ನಾಗಿ ಇಟ್ಟಿದ್ದಾರೆ" ಎಂದುಕೊಂಡಿದ್ದೆವು!

ಎಂಥ ಬೈಕು ಹಿತ?

ಹೊಸದಾಗಿ ಕಲಿಯುವವರಿಗೆ 100ರಿಂದ 110 ಸಿ.ಸಿ.ಯ, ನಾಲ್ಕು ಸ್ಟ್ರೋಕಿನ, ಹಗುರವಾದ ಬೈಕೇ ಹಿತ. ಕುಳಿತಾಗ ಎರಡೂ ಪಾದ ನೆಲಕ್ಕೆ ಊರಬೇಕು. ಕೆಸರಿನಲ್ಲಿ ವಾಲಿದರೆ ಒಬ್ಬರೇ ಎತ್ತಿ ನಿಲ್ಲಿಸುವಂತಿರಬೇಕು. 1994ರಲ್ಲಿ ಮಾರುಕಟ್ಟೆಗೆ ಬಂದ ಸ್ಪ್ಲೆಂಡರ್ ಮತ್ತು ಅದೇ ವರ್ಗದ ಬೈಕುಗಳಿಗೆ ಸಣ್ಣ ಪೇಟೆಯಲ್ಲಿಯೂ ಬಿಡಿಭಾಗ ಸಿಗುತ್ತದೆ, ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ಕೂ ಸಿಗುತ್ತಾನೆ. ಗೇರಿನ ಗೊಡವೆಯೇ ಬೇಡವೆನ್ನುವ ಹಿರಿಯರಿಗೆ, ಚೀಲ ಹೇರುವ ಕೆಲಸವೇ ಹೆಚ್ಚಿರುವವರಿಗೆ ಟಿ.ವಿ.ಎಸ್. ಎಕ್ಸ್‌ಎಲ್‌ನಂಥ ಮೊಪೆಡ್ ಸಾಕು.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಸದ್ದಿಗೆ ಮನಸೋಲದ ಹಿರಿಯರಿಲ್ಲ. ಆದರೆ ಆ ಕಾರ್ಖಾನೆ 1996ರಲ್ಲಿಯೇ ಮುಚ್ಚಿತು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಇಂಥವು ಹವ್ಯಾಸಿಗಳ ಪಾಲಿಗಿರಲಿ. ಕಲಿಯುವವನಿಗೂ ತೋಟದ ದುಡಿಮೆಗೂ ಬೇಡ.

ಇನ್ನೊಂದು ಮಾತು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಧನವನ್ನು ಚಿಮ್ಮಿಸುವ ಎಲೆಕ್ಟ್ರಾನಿಕ್ ಏರ್ಪಾಡು ಬಂದಿದೆ. ಇವು ಚಳಿಯಲ್ಲಿ ಸಲೀಸಾಗಿ ಚಾಲೂ ಆಗುತ್ತವೆ. ಆದರೆ ಕೆಟ್ಟರೆ ಊರ ಮೆಕ್ಯಾನಿಕ್ಕಿನ ಸ್ಕ್ರೂಡ್ರೈವರಿಗೆ ಬಗ್ಗುವುದು ಕಷ್ಟ. ಸರ್ವೀಸ್ ಕೇಂದ್ರ ದೂರವಿರುವವರು ಇದನ್ನು ಗಮನಿಸಬೇಕು. 2019ರ ಏಪ್ರಿಲ್‌ನಿಂದ ಮಾರಾಟವಾದ 125 ಸಿ.ಸಿ.ವರೆಗಿನ ಹೊಸ ಬೈಕುಗಳಿಗೆ ಒಂದು ಬ್ರೇಕು ಒತ್ತಿದರೆ ಎರಡೂ ಚಕ್ರ ಹಿಡಿಯುವ ವ್ಯವಸ್ಥೆ ಕಡ್ಡಾಯವಾಯಿತು. ಕಲಿಯುವವರಿಗೆ ಇದು ಒಳ್ಳೆಯದೇ.

ಎತ್ತು ನೋಡುವ ಕಣ್ಣಿನಿಂದ ನೋಡಿ

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುತ್ತಿರಲಿಲ್ಲ. ಹಲ್ಲು ಎಣಿಸಿ, ಸುಳಿ ನೋಡಿ, ನಡೆಸಿ ನೋಡಿ ಆಮೇಲೆ ಟವಲಿನ ಕೆಳಗೆ ಕೈಯಿಡುತ್ತಿದ್ದರು. ಬೈಕಿಗೂ ಅದೇ ಕ್ರಮ. ಹಗಲು ಹೊತ್ತಿನಲ್ಲಿ, ಮಳೆಯಿಲ್ಲದಾಗ, ಬೈಕು ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.

ಮೊದಲಿಗೆ ಎಂಜಿನ್ನಿನ ಹತ್ತಿರ ಕೈಯೊಡ್ಡಿ. ಬಿಸಿಯಾಗಿದ್ದರೆ ನೀವು ಬರುವ ಮುಂಚೆ ಚಾಲೂ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಾದ ಮೇಲೆ ಬರುತ್ತೇವೆಂದು ಹೇಳಿ. ತಣ್ಣಗಿದ್ದ ಎಂಜಿನ್ ನಾಲ್ಕಾರು ಕಿಕ್ಕಿಗೆ ಎದ್ದರೆ ಸರಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ನಾಲ್ಕು ಸ್ಟ್ರೋಕಿನ ಎಂಜಿನ್ ಆಯಿಲ್ ಸುಡುತ್ತಿದೆ. ರಿಂಗೋ ಬೋರೋ ಸವೆದಿದೆ. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ, ಇದು ಸಣ್ಣ ಕೆಲಸ. ಮುಂಜಾನೆಯ ಚಳಿಯಲ್ಲಿ ಸ್ವಲ್ಪ ಹೊತ್ತು ಬಿಳಿ ಹಬೆ ಬಂದರೆ ಗಾಬರಿ ಬೇಡ.

ಎರಡನೆಯದು, ಚಾಸಿ. ಇದೇ ಬೈಕಿನ ಬೆನ್ನೆಲುಬು. ಹ್ಯಾಂಡಲ್ ಕೂರುವ ಕುತ್ತಿಗೆ, ಎಂಜಿನ್ ಹಿಡಿದ ಬೋಲ್ಟುಗಳ ಸುತ್ತ, ಕ್ಯಾರಿಯರ್ ಕೂಡುವ ಜಾಗ ಇವುಗಳನ್ನು ಟಾರ್ಚು ಹಾಕಿ ನೋಡಬೇಕು. ಅಡಿಕೆ ಮೂಟೆ ಹೇರಿದ ಬೈಕುಗಳು ಹಿಂದೆ ಬಿರುಕು ಬಿಡುತ್ತವೆ. ಎದುರು ಡಿಕ್ಕಿ ಹೊಡೆದವು ಕುತ್ತಿಗೆಯಲ್ಲಿ. ಉಳಿದೆಲ್ಲ ಕಡೆ ಹಳೆಯ ಬಣ್ಣವಿದ್ದು ಒಂದೇ ಕಡೆ ಹೊಸದಿದ್ದರೆ ಯಾಕೆಂದು ಕೇಳಿ. ಹತ್ತು ಹೆಜ್ಜೆ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರೆ ಎರಡು ಚಕ್ರಗಳೂ ಒಂದೇ ಗೆರೆಯಲ್ಲಿ ಕಾಣಬೇಕು. ಕುತ್ತಿಗೆಯಲ್ಲಿ ಬೆಸುಗೆ ಕಂಡರೆ ಬೆಲೆ ಎಷ್ಟೇ ಇಳಿಯಲಿ, ಎದ್ದು ಬನ್ನಿ.

ಮೂರನೆಯದು ನಮ್ಮ ಸೀಮೆಗೇ ಸೇರಿದ್ದು. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ನಾವು ಅದರಲ್ಲಿ ಕತ್ತಿಯ ಅಲಗನ್ನು ಅದ್ದುತ್ತೇವೆ. ಸುಣ್ಣ ಕಡಿಮೆಯಾಗಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಮೈಲುತುತ್ತ, ರಸಗೊಬ್ಬರದ ಚೀಲಗಳನ್ನು ವರ್ಷಗಟ್ಟಲೆ ಹೊತ್ತ ಬೈಕಿನ ಕ್ಯಾರಿಯರ್, ಚೈನು, ಕಡ್ಡಿಗಳು ಒಳಗಿಂದೊಳಗೇ ಸವೆದಿರುತ್ತವೆ. ಸೀಟು ಎತ್ತಿ ಅಡಿಯಲ್ಲಿ ನೋಡಿ. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ತುಕ್ಕಿದೆಯೇ ಎಂದೂ ನೋಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಬೈಕಿನ ಟ್ಯಾಂಕಿನಲ್ಲಿ ನೀರು ಕೂತಿರಬಹುದು.

ಮಿಕ್ಕವನ್ನು ಬೇಗ ಹೇಳುತ್ತೇವೆ. ನಡು ಸ್ಟ್ಯಾಂಡು ಹಾಕಿ ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ. ನಡುವೆ ಎಲ್ಲಿಯಾದರೂ ಕಚ್ಚಿದಂತಾದರೆ ಕುತ್ತಿಗೆಯ ಬೇರಿಂಗ್ ಹೋಗಿದೆ. ಹಿಂದಿನ ಚಕ್ರವನ್ನು ಅಡ್ಡಕ್ಕೆ ಅಲ್ಲಾಡಿಸಿದರೆ ಲಟಲಟ ಎನ್ನಬಾರದು. ಮುಂದಿನ ಫೋರ್ಕಿನ ಮೇಲೆ ಎಣ್ಣೆ ಇಳಿದ ಗುರುತಿರಬಾರದು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸೆಟ್ಟಿನ ಖರ್ಚು ಗ್ಯಾರಂಟಿ. ಟೈರಿನ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಮೀಟರಿನ ಕಿಲೋಮೀಟರನ್ನು ನಂಬಬೇಡಿ. ಬ್ರೇಕ್ ಪೆಡಲಿನ ಸವೆತ, ಕಾಲಿಡುವ ರಬ್ಬರಿನ ಸವೆತ ಸುಳ್ಳು ಹೇಳುವುದಿಲ್ಲ. ಕೊನೆಗೆ ಜೊತೆಗೆ ಬಂದವರಿಂದ ಒಂದು ಏರು ಹತ್ತಿಸಿ ನೋಡಿ. ಎಂಜಿನ್ ಕೂಗುತ್ತಿದ್ದರೂ ಬೈಕು ಎಳೆಯದಿದ್ದರೆ ಕ್ಲಚ್ಚು ಜಾರುತ್ತಿದೆ.

ಇಷ್ಟೆಲ್ಲ ನೋಡಿ ಖರ್ಚಿನ ಪಟ್ಟಿ ಬರೆದು, ಹೇಳಿದ ಬೆಲೆಗೆ ಕೂಡಿಸಿ. ಆ ಮೊತ್ತವೇ ಬೈಕಿನ ನಿಜವಾದ ಬೆಲೆ.

ಕಾಗದಪತ್ರ ಬೈಕಿನಷ್ಟೇ ಮುಖ್ಯ

ಆರ್.ಸಿ.ಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಬೈಕಿನ ಮೇಲಿರುವ ನಂಬರಿಗೆ ಅಂಕಿ ಅಂಕಿಯೂ ತಾಳೆಯಾಗಬೇಕು. ಮಾರುವವರೇ ಆರ್.ಸಿ.ಯ ಮಾಲೀಕರೋ, ಅಥವಾ ಮೂರು ಕೈ ದಾಟಿ ಬಂದದ್ದೋ ವಿಚಾರಿಸಿ. ಸಾಲದ ಮೇಲೆ ಕೊಂಡ ಬೈಕಾದರೆ ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರಿರುತ್ತದೆ. ಸಾಲ ತೀರಿದ ಪತ್ರ ಮತ್ತು ನಮೂನೆ 35 ಇಲ್ಲದೆ ಮುಂಗಡ ಕೊಡಬೇಡಿ. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2019ರ ಏಪ್ರಿಲ್‌ಗೆ ಮುಂಚಿನ ವಾಹನಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟು ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿದೆ. ಅದೂ ಆಗಿದೆಯೇ ನೋಡಿ.

ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದು 1988ರ ಮೋಟಾರು ವಾಹನ ಕಾಯ್ದೆಯ ನಿಯಮ. ವಿಮೆಯನ್ನೂ 14 ದಿನದೊಳಗೆ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹೊರ ರಾಜ್ಯದ ಬೈಕಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ ಎರಡೂ ಸೇರುತ್ತವೆ. ಅಗ್ಗವೆಂದದ್ದು ಅಲ್ಲಿಗೆ ಮುಗಿಯಿತು.

ಮಾರುವ ಬಾಂಧವರಿಗೂ ಒಂದು ಎಚ್ಚರಿಕೆ. "ನಮ್ಮೂರ ಹುಡುಗನೇ, ಆಮೇಲೆ ಮಾಡಿಸಿಕೊಳ್ಳುತ್ತಾನೆ ಬಿಡಿ" ಎಂದು ಸಹಿ ಹಾಕಿದ ಖಾಲಿ ನಮೂನೆ ಕೊಟ್ಟು ಸುಮ್ಮನಾಗುವುದು ನಮ್ಮಲ್ಲಿ ಸಾಮಾನ್ಯ. ಬೈಕು ಕೈಬಿಟ್ಟು ವರ್ಷಗಳಾಗಿದ್ದರೂ ಅಪಘಾತವಾದಾಗ ಆರ್.ಸಿ.ಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇಪ್ಪತ್ತು ಸಾವಿರಕ್ಕೆ ಮಾರಿದ ಬೈಕಿಗಾಗಿ ತೋಟದ ಪಹಣಿ ಹಿಡಿದು ಕೋರ್ಟಿಗೆ ಅಲೆಯುವ ಗತಿ ಯಾರಿಗೂ ಬೇಡ.

ಮೊದಲ ಮಳೆಗಾಲ

ಕಲಿಕೆಯ ಲೈಸೆನ್ಸ್ ಆರು ತಿಂಗಳಿಗಿರುತ್ತದೆ. ಪಡೆದು 30 ದಿನವಾದ ಮೇಲೆ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಕೊಯ್ಲು ಮುಗಿದ ಕಣ ಕಲಿಯಲು ಬಹಳ ಪ್ರಶಸ್ತ. ಹದಿನೆಂಟು ತುಂಬದ ಮಕ್ಕಳ ಕೈಗೆ ಬೀಗದ ಕೈ ಕೊಡಬೇಡಿ. 2019ರ ತಿದ್ದುಪಡಿಯಂತೆ ಅವರು ಮಾಡಿದ ತಪ್ಪಿಗೆ ಪೋಷಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಜೈಲೂ ಆಗಬಹುದು.

ನಮ್ಮ ರಸ್ತೆಗಳಲ್ಲಿ ಪಾಚಿ, ದರಗು, ಜಲ್ಲಿ ಮೂರೂ ಶತ್ರುಗಳೇ. ಇವುಗಳ ಮೇಲೆ ಮುಂದಿನ ಬ್ರೇಕನ್ನು ಥಟ್ಟನೆ ಹಿಡಿದರೆ ಚಕ್ರ ಜಾರಿ ನೆಲ ಕಾಣುತ್ತೇವೆ. ಹಾಗೆಂದು ಮುಂದಿನ ಬ್ರೇಕನ್ನೇ ಮುಟ್ಟದಿರುವುದೂ ತಪ್ಪು. ಗಟ್ಟಿ ರಸ್ತೆಯಲ್ಲಿ ಬೈಕನ್ನು ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಅದಕ್ಕೇ. ಎರಡನ್ನೂ ಸೇರಿಸಿ ಮೆಲ್ಲಗೆ ಒತ್ತುವುದನ್ನು ಅಭ್ಯಾಸ ಮಾಡಬೇಕು. ಘಾಟಿ ಇಳಿಯುವಾಗ ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ ಮಾಡಬೇಡಿ. ಏರಿದ ಗೇರಿನಲ್ಲೇ ಇಳಿದರೆ ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ. ಹಳ್ಳ ದಾಟಿದ ಮೇಲೆ ಡ್ರಮ್ ಬ್ರೇಕು ಒದ್ದೆಯಾಗಿ ಹಿಡಿಯುವುದಿಲ್ಲ. ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ನಿಧಾನವಾಗಿ ಹೋದರೆ ಒಣಗುತ್ತದೆ. ಮೂಟೆ ಹೇರಿ ಓಡಿಸುವ ಕೆಲಸವನ್ನು ಮೊದಲ ಮಳೆಗಾಲ ಕಳೆಯುವವರೆಗೆ ಮುಂದೂಡಿ.

ಬೈಕಿನ ಬಜೆಟ್ಟಿನಲ್ಲಿಯೇ ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್ ಸೇರಿರಲಿ, ಒಂದು ಹಿಂದೆ ಕೂರುವವರಿಗೆ. ನಮ್ಮ ಹುಡುಗನ ಹೆಲ್ಮೆಟ್ಟು ಬಲಗಡೆ ಬಿರುಕು ಬಿಟ್ಟು ಇಂದಿಗೂ ನಮ್ಮ ಜಗಲಿಯ ಗೂಟದಲ್ಲಿ ನೇತಾಡುತ್ತಿದೆ. ಬೈಕು ಗುಜರಿಗೆ ಹೋಯಿತು. ಆಮೇಲೆ ತಂದ ಎರಡನೆಯ ಬೈಕೂ ಹಳೆಯದೇ. ಆದರೆ ಅದನ್ನು ಮೂರು ಸಲ ಹೋಗಿ ನೋಡಿ, ಕುತ್ತಿಗೆಗೆ ಟಾರ್ಚು ಹಾಕಿ, ವರ್ಗಾವಣೆ ಅರ್ಜಿಗೆ ಇಬ್ಬರೂ ಸಹಿ ಮಾಡಿ ಸಾರಿಗೆ ಕಚೇರಿಗೆ ಕೊಟ್ಟ ಮೇಲೆಯೇ ಪೂರ್ತಿ ಹಣ ಕೊಟ್ಟೆವು. ಈ ವರ್ಷ ಮೈಲುತುತ್ತ ಹೊತ್ತಿಗೆ ಸರಿಯಾಗಿ ಮನೆ ಸೇರಿತು.