ಒಂದೇ ತಿರುವು, ಮೂರು ಕಾರು

1984ರ ಮೇ 12ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಹೊಸ ಓಟದ ಪಥದ ಉದ್ಘಾಟನೆ ನಡೆಯಿತು. ಅಂದಿನ ಸ್ಪರ್ಧೆಗೆ ಒಂದು ವಿಶೇಷವಿತ್ತು. ಓಡಿಸುವವರು ಇಪ್ಪತ್ತು ಮಂದಿ, ಕಾರು ಮಾತ್ರ ಎಲ್ಲರಿಗೂ ಒಂದೇ ಬಗೆಯದು: ಮರ್ಸಿಡಿಸ್ 190ಇ. ನಿಕಿ ಲೌಡಾ, ಜೇಮ್ಸ್ ಹಂಟ್‌ರಂತಹ ವಿಶ್ವ ಚಾಂಪಿಯನ್ನರು ಅಲ್ಲಿದ್ದರು. ಗೆದ್ದವನು ಆಗಿನ್ನೂ ಅಷ್ಟಾಗಿ ಹೆಸರು ಮಾಡಿರದ 24 ವರ್ಷದ ಬ್ರೆಜಿಲ್ ಯುವಕ ಐರ್ಟನ್ ಸೆನ್ನಾ. ಲೌಡಾ ಎರಡನೆಯವರಾದರು.

ವಿಜ್ಞಾನದ ಕಣ್ಣಿನಿಂದ ನೋಡಿದರೆ ಅದೊಂದು ಅಚ್ಚುಕಟ್ಟಾದ ಪ್ರಯೋಗ. ಕಾರನ್ನು ಸ್ಥಿರವಾಗಿಟ್ಟು ಚಾಲಕನನ್ನು ಬದಲಿಸಲಾಗಿತ್ತು. ಇದನ್ನೇ ತಿರುವುಮುರುವು ಮಾಡಿದರೆ? ಅಂದರೆ ಚಾಲಕನೂ ರಸ್ತೆಯೂ ಒಂದೇ ಇದ್ದು, ಕಾರು ಮಾತ್ರ ಬದಲಾದರೆ ಏನಾಗುತ್ತದೆ? ಪುಟ್ಟ ಐಷಾರಾಮಿ ಕಾರುಗಳ ಲೋಕದಲ್ಲಿ ಈ ಪ್ರಶ್ನೆಗೆ ದಶಕಗಳ ಇತಿಹಾಸವಿದೆ. ಅದರ ಉತ್ತರ ಹತ್ತನೇ ತರಗತಿಯ ವಿದ್ಯಾರ್ಥಿಗೂ ಅರ್ಥವಾಗುವಂಥದ್ದು.

ಮೂರು ಊರು, ಮೂರು ದಾರಿ

ದಕ್ಷಿಣ ಜರ್ಮನಿಯ ಮೂರು ಊರುಗಳು ಈ ಪೈಪೋಟಿಯ ಕೇಂದ್ರಗಳು. ಮ್ಯೂನಿಕ್‌ನ ಬಿಎಂಡಬ್ಲ್ಯು 1975ರಲ್ಲಿ 3 ಸೀರೀಸ್ ಕಾರನ್ನು ಹೊರತಂದಿತು. ದೊಡ್ಡ ಕಾರುಗಳಿಗೆ ಹೆಸರಾಗಿದ್ದ ಸ್ಟುಟ್‌ಗಾರ್ಟ್‌ನ ಮರ್ಸಿಡಿಸ್ ಕಂಪನಿ 1982ರ ಕೊನೆಯಲ್ಲಿ ‘190’ ಎಂಬ ಚಿಕ್ಕ ಕಾರಿನೊಂದಿಗೆ ಅದಕ್ಕೆ ಉತ್ತರ ಕೊಟ್ಟಿತು. 1993ರಲ್ಲಿ 190ರ ಜಾಗಕ್ಕೆ ಸಿ-ಕ್ಲಾಸ್ ಬಂತು. ಇಂಗೋಲ್‌ಸ್ಟಾಟ್‌ನ ಆಡಿ ತನ್ನ ‘80’ ಮಾದರಿಯನ್ನು ಬೆಳೆಸುತ್ತ ಬಂದು 1994ರಲ್ಲಿ ಅದಕ್ಕೆ ‘ಎ4’ ಎಂದು ಹೆಸರಿಟ್ಟಿತು.

ಮೂರರ ಉದ್ದ, ತೂಕ, ಶಕ್ತಿಗಳಲ್ಲಿ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಆದರೂ ಓಡಿಸಿದವರು ಕೊಡುತ್ತಿದ್ದ ವರದಿ ಬೇರೆ ಬೇರೆ. ಬಿಎಂಡಬ್ಲ್ಯು ಚುರುಕು, ಮರ್ಸಿಡಿಸ್ ಗಂಭೀರ, ಆಡಿ ಮಳೆ ಹಿಮಗಳಲ್ಲಿ ಭದ್ರ ಎಂಬುದು ಯೂರೋಪಿನ ವಾಹನ ಪತ್ರಿಕೆಗಳಲ್ಲಿ ಗಾದೆಯಂತಾಗಿತ್ತು. ಇದು ಬರಿಯ ಜಾಹೀರಾತಿನ ಮಾತಲ್ಲ. ಈ ಗುಣಗಳ ಹಿಂದೆ ಭೌತಶಾಸ್ತ್ರದ ಗಟ್ಟಿ ಕಾರಣಗಳಿವೆ.

ನಾಲ್ಕು ಅಂಗೈಗಳ ಆಸರೆ

ಎಷ್ಟೇ ಬೆಲೆಯ ಕಾರಾಗಲಿ, ರಸ್ತೆಯನ್ನು ಮುಟ್ಟುವುದು ನಾಲ್ಕು ಟೈರುಗಳ ಅಡಿಭಾಗ ಮಾತ್ರ. ಆ ಭಾಗ ಎಷ್ಟು ದೊಡ್ಡದು? ಕಾರು ಮತ್ತು ಪ್ರಯಾಣಿಕರು ಸೇರಿ 1600 ಕಿಲೋಗ್ರಾಂ ಎಂದುಕೊಳ್ಳೋಣ. ಒಂದು ಗಾಲಿಯ ಪಾಲಿಗೆ 400 ಕಿಲೋಗ್ರಾಂ, ಅಂದರೆ ಸುಮಾರು 4000 ನ್ಯೂಟನ್ ಭಾರ. ಟೈರಿನೊಳಗಿನ ಗಾಳಿಯ ಒತ್ತಡ ಸುಮಾರು 2,20,000 ಪಾಸ್ಕಲ್. ಬಲವನ್ನು ಒತ್ತಡದಿಂದ ಭಾಗಿಸಿದರೆ ವಿಸ್ತೀರ್ಣ ಸಿಗುತ್ತದೆ: ಸುಮಾರು 180 ಚದರ ಸೆಂಟಿಮೀಟರ್. ಬೆರಳುಗಳನ್ನು ಸೇರಿಸಿದರೆ ದೊಡ್ಡವರ ಒಂದು ಅಂಗೈಯಷ್ಟು! ಇಡೀ ಕಾರಿನ ಓಟ, ತಿರುವು, ನಿಲುಗಡೆ ಎಲ್ಲವೂ ಇಂತಹ ನಾಲ್ಕು ಅಂಗೈಗಳಷ್ಟು ರಬ್ಬರನ್ನು ನಂಬಿವೆ.

ತಿರುವಿನಲ್ಲಿ ಕಾರನ್ನು ಒಳಕ್ಕೆ ಎಳೆಯುವ ಕೇಂದ್ರಾಭಿಮುಖ ಬಲವನ್ನು ಕೊಡುವುದು ಈ ರಬ್ಬರಿನ ಘರ್ಷಣೆ. ಬೇಕಾಗುವ ಬಲ, ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದಷ್ಟು. ಸಿಗಬಲ್ಲ ಗರಿಷ್ಠ ಘರ್ಷಣೆಯೂ ದ್ರವ್ಯರಾಶಿಗೆ ಅನುಗುಣವಾದದ್ದೇ. ಎರಡನ್ನೂ ಸಮ ಮಾಡಿದಾಗ ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ. ಉಳಿಯುವುದು ಮೂರೇ: ಘರ್ಷಣಾ ಗುಣಾಂಕ, ಗುರುತ್ವ, ತಿರುವಿನ ತ್ರಿಜ್ಯ.

50 ಮೀಟರ್ ತ್ರಿಜ್ಯದ ಒಂದು ಸಮತಟ್ಟಾದ ತಿರುವನ್ನು ತೆಗೆದುಕೊಳ್ಳಿ. ಒಣ ರಸ್ತೆಯಲ್ಲಿ ಘರ್ಷಣಾ ಗುಣಾಂಕ 0.8 ಎಂದಿಟ್ಟುಕೊಂಡರೆ ಗರಿಷ್ಠ ವೇಗ ಗಂಟೆಗೆ ಸುಮಾರು 71 ಕಿ.ಮೀ. ಮಳೆ ಬಿದ್ದು ಗುಣಾಂಕ 0.4ಕ್ಕೆ ಇಳಿದರೆ ಅದು ಸುಮಾರು 50 ಕಿ.ಮೀ. ಟೈರು ಒಳ್ಳೆಯದಿದ್ದರೆ ಈ ಅಂಕಿ ಒಂದಿಷ್ಟು ಮೇಲೇರುತ್ತದೆ. ಆದರೆ ಲೆಕ್ಕದಲ್ಲಿ ಕಾರಿನ ಬೆಲೆಗಾಗಲಿ ಬಾನೆಟ್ಟಿನ ಮೇಲಿನ ಲಾಂಛನಕ್ಕಾಗಲಿ ಜಾಗವಿಲ್ಲ.

ಹಾಗಾದರೆ ಮೂರು ಕಾರುಗಳ ನಡುವಿನ ವ್ಯತ್ಯಾಸ ಎಲ್ಲಿದೆ? ಮಿತಿ ಹೆಚ್ಚುಕಡಿಮೆ ಒಂದೇ. ಆ ಮಿತಿಯ ಹತ್ತಿರ ಹೋದಾಗ ಕಾರು ಹೇಗೆ ನಡೆದುಕೊಳ್ಳುತ್ತದೆ, ಚಾಲಕನಿಗೆ ಮುನ್ಸೂಚನೆ ಹೇಗೆ ಕೊಡುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ.

ಮೂಗಿನ ಭಾರ, ಬಾಲದ ಬಲ

ಬಿಎಂಡಬ್ಲ್ಯು ಎಂಜಿನಿಯರುಗಳು ಎಂಜಿನ್ನನ್ನು ಉದ್ದಕ್ಕೆ ಕೂರಿಸಿ, ಸಾಧ್ಯವಾದಷ್ಟು ಹಿಂದಕ್ಕೆ ಸರಿಸಿ, ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಕೊಟ್ಟರು. ಕೆಲವು ಮಾದರಿಗಳಲ್ಲಿ ಬ್ಯಾಟರಿಯನ್ನೂ ಹಿಂದಿನ ಡಿಕ್ಕಿಗೆ ಸಾಗಿಸಿದರು. ಮುಂದೆ ಹಿಂದೆ ಸರಿಸುಮಾರು ಸಮಭಾರ ಬರಬೇಕೆಂಬುದು ಅವರ ಹಠ. ಆಡಿ ಮಾಡಿದ್ದು ಬೇರೆ. ಅದರ ಎಂಜಿನ್ ಮುಂದಿನ ಗಾಲಿಗಳ ಅಚ್ಚಿಗಿಂತಲೂ ಮುಂದೆ ನೇತಾಡುವಂತೆ ಕೂತಿತ್ತು. ಮೂಗಿನ ಮೇಲೆ ಭಾರ ಹೆಚ್ಚು.

ಇದರ ಪರಿಣಾಮ ತಿಳಿಯಲು ಒಂದು ಕೋಲು, ಎರಡು ಕಲ್ಲು ಸಾಕು. ಕಲ್ಲುಗಳನ್ನು ಕೋಲಿನ ನಡುವೆ ಕಟ್ಟಿ, ಮಧ್ಯದಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ. ಸುಲಭ. ಅದೇ ಕಲ್ಲುಗಳನ್ನು ತುದಿಗಳಿಗೆ ಕಟ್ಟಿ ತಿರುಗಿಸಿ. ಕೈಗೆ ತ್ರಾಸ. ತೂಕ ಬದಲಾಗಿಲ್ಲ, ಅದು ಇರುವ ಜಾಗ ಬದಲಾಗಿದೆ. ಭಾರವೆಲ್ಲ ಗಾಲಿಗಳ ನಡುವೆ ಇರುವ ಕಾರು ಸ್ಟೀರಿಂಗ್ ತಿರುಗಿಸಿದೊಡನೆ ತಿರುಗುತ್ತದೆ. ಮೂಗಿನ ತುದಿಯಲ್ಲಿ ಭಾರ ಹೊತ್ತ ಕಾರು ಒಂದು ಕ್ಷಣ ತಡವರಿಸಿ ನೇರಕ್ಕೆ ಹೋಗಲು ನೋಡುತ್ತದೆ.

ಎರಡನೆಯದು ಟೈರಿನ ಖರ್ಚುವೆಚ್ಚ. ಒಂದು ಟೈರಿನ ಬಳಿ ಹತ್ತು ಅಂಶ ಹಿಡಿತವಿದೆ ಎನ್ನಿ. ಕಾರನ್ನು ಮುಂದಕ್ಕೆ ಎಳೆಯುವ ಬಲ, ಪಕ್ಕಕ್ಕೆ ತಿರುಗಿಸುವ ಬಲ ಒಂದಕ್ಕೊಂದು ಲಂಬ. ಆದ್ದರಿಂದ ಇಲ್ಲಿ ಸಾದಾ ಕೂಡುವ ಲೆಕ್ಕ ನಡೆಯದು, ಪೈಥಾಗೊರಸ್‌ನ ಲೆಕ್ಕ ಬೇಕು. ಎಳೆಯಲು 6 ಅಂಶ ಖರ್ಚಾದರೆ ತಿರುಗಿಸಲು 8 ಉಳಿಯುತ್ತದೆ. 36 ಮತ್ತು 64 ಸೇರಿದರೆ 100. ಎಳೆಯಲು 8 ಖರ್ಚಾದರೆ ಉಳಿಯುವುದು 6. ಹತ್ತೂ ಖರ್ಚಾದರೆ ತಿರುಗಿಸಲು ಏನೂ ಇಲ್ಲ.

ಮುಂಗಾಲಿ ಚಾಲನೆಯ ಕಾರಿನಲ್ಲಿ ಮುಂದಿನ ಟೈರುಗಳೇ ಎಳೆಯಬೇಕು, ಅವೇ ತಿರುಗಿಸಬೇಕು. ತಿರುವಿನಲ್ಲಿ ಆತುರಪಟ್ಟು ಆಕ್ಸಿಲರೇಟರ್ ಒತ್ತಿದರೆ ಮೂಗು ಹೊರಕ್ಕೆ ಜಾರುತ್ತದೆ. ಹಿಂಗಾಲಿ ಚಾಲನೆಯಲ್ಲಿ ಕೆಲಸ ಹಂಚಿಹೋಗಿದೆ. ಮುಂದಿನವು ತಿರುಗಿಸುತ್ತವೆ, ಹಿಂದಿನವು ದೂಡುತ್ತವೆ. ಅದಕ್ಕೇ ಸ್ಟೀರಿಂಗ್ ಹಗುರ, ಸ್ವಚ್ಛ. ಆದರೆ ಅತಿಯಾದರೆ ಇಲ್ಲಿ ಬಾಲ ಹೊರಕ್ಕೆ ಬೀಸುತ್ತದೆ. ಅನುಭವವಿಲ್ಲದವರಿಗೆ ಇದು ಮೂಗು ಜಾರುವುದಕ್ಕಿಂತ ಕಷ್ಟದ ಸ್ಥಿತಿ.

ಆಡಿಯ ಉತ್ತರ ‘ಕ್ವಾಟ್ರೊ’. 1980ರಲ್ಲಿ ಆ ಹೆಸರಿನ ಕಾರಿನೊಂದಿಗೆ ಬಂದ ಈ ನಾಲ್ಕು ಗಾಲಿ ಚಾಲನೆ ಮುಂದೆ 80 ಮತ್ತು ಎ4ಗಳಿಗೂ ದೊರೆಯಿತು. ಎಂಜಿನ್ನಿನ ಬಲ ನಾಲ್ಕು ಕಡೆ ಹಂಚಿಹೋದಾಗ ಪ್ರತಿ ಟೈರಿನ ಖರ್ಚು ಕಡಿಮೆ, ತಿರುವಿಗೆ ಉಳಿತಾಯ ಹೆಚ್ಚು. ಹಿಮ ಬಿದ್ದ ಏರುದಾರಿಯಲ್ಲಿ ಇದರ ಲಾಭ ಎದ್ದು ಕಾಣುತ್ತದೆ. ಆದರೆ ಒಂದು ಮಾತು ನೆನಪಿರಲಿ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಗಾಲಿಗಳಿಗೇ ಇರುತ್ತದೆ. ಆದ್ದರಿಂದ ಹೊರಡುವಾಗ ಕ್ವಾಟ್ರೊ ಮುಂದೆ. ನಿಲ್ಲುವಾಗ ಉಳಿದವುಗಳಂತೆಯೇ ಅದೂ ಒಂದು.

ಮೂಗಿನ ಭಾರದ ಸಮಸ್ಯೆಯನ್ನೂ ಆಡಿ ಕೈಬಿಡಲಿಲ್ಲ. 2007ರಲ್ಲಿ ಬಂದ ಎ4ರಲ್ಲಿ ಮುಂದಿನ ಅಚ್ಚನ್ನೇ ಸುಮಾರು 15 ಸೆಂಟಿಮೀಟರ್ ಮುಂದಕ್ಕೆ ಒಯ್ದಿತು. ಅಷ್ಟು ಮಾಡಲು ಇಡೀ ಗಿಯರ್ ಪೆಟ್ಟಿಗೆಯ ಜೋಡಣೆಯನ್ನೇ ಬದಲಿಸಬೇಕಾಯಿತು.

ಐದು ಕಡ್ಡಿಗಳ ಜಾಣ್ಮೆ

ಮರ್ಸಿಡಿಸ್ 190ರ ಹೆಗ್ಗಳಿಕೆ ಕಣ್ಣಿಗೆ ಕಾಣದ ಜಾಗದಲ್ಲಿತ್ತು. ಅದು ಹಿಂದಿನ ಗಾಲಿಗಳ ಸಸ್ಪೆನ್ಷನ್. ಯಾವುದೇ ವಸ್ತುವಿಗೆ ಆರು ಬಗೆಯ ಚಲನೆ ಸಾಧ್ಯ: ಮುಂದೆ-ಹಿಂದೆ, ಎಡ-ಬಲ, ಮೇಲೆ-ಕೆಳಗೆ, ಜೊತೆಗೆ ಈ ಮೂರೂ ದಿಕ್ಕುಗಳನ್ನು ಅಕ್ಷವಾಗಿಟ್ಟುಕೊಂಡು ಮೂರು ತಿರುಗಾಟ. ಗಾಲಿಯನ್ನು ಹಿಡಿದಿರುವ ಗುಂಬಕ್ಕೆ ಬೇಕಾದದ್ದು ಒಂದೇ, ಗುಂಡಿ ದಿಣ್ಣೆಗಳಿಗೆ ತಕ್ಕಂತೆ ಮೇಲೆ ಕೆಳಗೆ ಹೋಗುವುದು. ಉಳಿದ ಐದನ್ನು ತಡೆಯಲು ಎಷ್ಟು ಕಡ್ಡಿ ಬೇಕು? ಐದು. ಮರ್ಸಿಡಿಸ್ ಎಂಜಿನಿಯರುಗಳು ಪ್ರತಿ ಹಿಂಗಾಲಿಯನ್ನು ಐದು ಕಡ್ಡಿಗಳಿಂದ ಕಟ್ಟಿದರು. ಗಾಲಿ ಎಷ್ಟು ಕುಣಿದರೂ ರಬ್ಬರಿನ ಆ ಅಂಗೈ ರಸ್ತೆಗೆ ಚಪ್ಪಟೆಯಾಗಿ ಒತ್ತಿಕೊಂಡಿರುವುದು ಇದರಿಂದ ಸಾಧ್ಯವಾಯಿತು. ಮುಂದೆ ಬಿಎಂಡಬ್ಲ್ಯು, ಆಡಿಗಳೂ ಹಲವು ಕಡ್ಡಿಗಳ ಜೋಡಣೆಗೇ ಬಂದವು.

ಮರ್ಸಿಡಿಸ್ ಗಂಭೀರವೆನಿಸಲು ಇನ್ನೊಂದು ಕಾರಣ ಸ್ಟೀರಿಂಗ್. ಬಿಎಂಡಬ್ಲ್ಯು ಬಳಸುತ್ತಿದ್ದದ್ದು ಹಲ್ಲಿನ ಪಟ್ಟಿಯ ಮೇಲೆ ಹಲ್ಲಿನ ಚಕ್ರ ಉರುಳುವ ನೇರ ವ್ಯವಸ್ಥೆ. 190 ಮತ್ತು ಮೊದಲ ಸಿ-ಕ್ಲಾಸ್‌ನಲ್ಲಿದ್ದದ್ದು ತಿರುಪಿನ ಮೇಲೆ ಗುಂಡುಗಳು ಉರುಳುವ ಹಳೆಯ ಬಗೆ. ಅದು ರಸ್ತೆಯ ಅದುರಾಟವನ್ನು ನುಂಗಿಕೊಳ್ಳುತ್ತದೆ. ಜೊತೆಗೆ ರಸ್ತೆಯ ಸುದ್ದಿಯನ್ನೂ ಸ್ವಲ್ಪ ನುಂಗುತ್ತದೆ. 2000ದಲ್ಲಿ ಬಂದ ಸಿ-ಕ್ಲಾಸ್‌ನಲ್ಲಿ ಮರ್ಸಿಡಿಸ್ ಕೂಡ ಹಲ್ಲುಪಟ್ಟಿಗೆ ಬದಲಾಯಿತು. ವಿಚಿತ್ರವೆಂದರೆ, 2011ರಲ್ಲಿ ಹೊರಬಂದ ಆರನೇ ಪೀಳಿಗೆಯ 3 ಸೀರೀಸ್‌ಗೆ ಬಿಎಂಡಬ್ಲ್ಯು ವಿದ್ಯುತ್ ಮೋಟಾರಿನ ಸ್ಟೀರಿಂಗ್ ಅಳವಡಿಸಿದಾಗ, ಅಂಗೈಗೆ ಸಿಗುತ್ತಿದ್ದ ರಸ್ತೆಯ ಸ್ಪರ್ಶ ಮಂಕಾಯಿತೆಂದು ಅದರ ಅಭಿಮಾನಿಗಳೇ ಗೊಣಗಿದರು. ಇಂಧನ ಉಳಿತಾಯವಾಯಿತು, ಮಾತು ಕಡಿಮೆಯಾಯಿತು.

ಕಡವೆ ಅಡ್ಡ ಬಂದರೆ?

ಮುನ್ಸೂಚನೆಯ ಪ್ರಶ್ನೆ ಎಷ್ಟು ಗಂಭೀರ ಎಂಬುದು 1997ರ ಅಕ್ಟೋಬರ್‌ನಲ್ಲಿ ಜಗಜ್ಜಾಹೀರಾಯಿತು. ಸ್ವೀಡನ್ನಿನ ರಸ್ತೆಗಳಲ್ಲಿ ಮೂಸ್ ಎಂಬ ಭಾರಿ ಗಾತ್ರದ ಕಡವೆ ಥಟ್ಟನೆ ಅಡ್ಡ ಬರುವುದುಂಟು. ಬ್ರೇಕ್ ಒತ್ತದೆ ಎಡಕ್ಕೆ ಹೊರಳಿ, ಕೂಡಲೇ ಬಲಕ್ಕೆ ಮರಳುವ ಪರೀಕ್ಷೆಯನ್ನು ಅಲ್ಲಿನ ಒಂದು ವಾಹನ ಪತ್ರಿಕೆ ನಡೆಸುತ್ತಿತ್ತು. ಮರ್ಸಿಡಿಸ್‌ನ ಹೊಚ್ಚಹೊಸ ಎ-ಕ್ಲಾಸ್, ಅದರ ಅತಿ ಚಿಕ್ಕ ಕಾರು, ಆ ಪರೀಕ್ಷೆಯಲ್ಲಿ ಮಗುಚಿಬಿತ್ತು.

ಕಾರಣ ಸರಳ. ಗುರುತ್ವ ಕೇಂದ್ರ ಎತ್ತರದಲ್ಲಿದ್ದು ಗಾಲಿಗಳ ನಡುವಿನ ಅಗಲ ಕಡಿಮೆಯಿದ್ದರೆ, ಟೈರು ಜಾರುವ ಮೊದಲೇ ಕಾರು ಉರುಳಬಹುದು. ಹುಲ್ಲು ಹೇರಿದ ಎತ್ತಿನಗಾಡಿ ಓರೆ ದಾರಿಯಲ್ಲಿ ಮಗುಚುವುದೂ ಇದೇ ಕಾರಣಕ್ಕೆ. ಕಂಪನಿ ಮಾರಾಟ ನಿಲ್ಲಿಸಿ, ಸಸ್ಪೆನ್ಷನ್ ತಿದ್ದಿ, ಎಲ್ಲ ಎ-ಕ್ಲಾಸ್‌ಗಳಿಗೂ ಇಎಸ್‌ಪಿ ಎಂಬ ಸ್ಥಿರತೆಯ ಸಾಧನವನ್ನು ಜೋಡಿಸಿತು. ಕಾರು ಜಾರುತ್ತಿರುವುದನ್ನು ಗುರುತಿಸಿ, ಒಂದೊಂದು ಗಾಲಿಗೆ ಪ್ರತ್ಯೇಕವಾಗಿ ಬ್ರೇಕ್ ಹಾಕಿ ದಾರಿಗೆ ತರುವ ಈ ಸಾಧನ 1995ರಲ್ಲಿ ಮರ್ಸಿಡಿಸ್‌ನ ದುಬಾರಿ ಕಾರೊಂದರಲ್ಲಿ ಮೊದಲು ಬಂದಿತ್ತು. ಎ-ಕ್ಲಾಸ್‌ನ ಅಪಮಾನದಿಂದಾಗಿ ಅದು ಸಣ್ಣ ಕಾರುಗಳಿಗೂ ಬೇಗ ಇಳಿಯಿತು. 2014ರ ನವೆಂಬರ್‌ನಿಂದ ಯೂರೋಪಿನ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು.

ಇಂತಹ ಸಾಧನಗಳ ಮಿದುಳು ಕಂಪ್ಯೂಟರ್. ಕಾರಿನ ಬೆಲೆಯಲ್ಲಿ ಈ ಮಿದುಳಿನ ಪಾಲು ಏರುತ್ತಲೇ ಬಂದಿದೆ. 1996ರಲ್ಲಿ ಮರ್ಸಿಡಿಸ್ ಬೆಂಗಳೂರಿನಲ್ಲಿ ತನ್ನ ಸಂಶೋಧನಾ ಕೇಂದ್ರ ತೆರೆದದ್ದರ ಹಿಂದೆಯೂ ಈ ಬದಲಾವಣೆಯಿದೆ. ವಿಜ್ಞಾನ, ಎಂಜಿನಿಯರಿಂಗ್ ಓದುವ ಮಕ್ಕಳು ಗಮನಿಸಬೇಕಾದ ಸಂಗತಿ ಇದು.

ವರ್ಗದ ಲೆಕ್ಕ

ಇಎಸ್‌ಪಿ ಆಗಲಿ, 1978ರಲ್ಲಿ ಬಂದ ಎಬಿಎಸ್ ಬ್ರೇಕ್ ಆಗಲಿ ಹೊಸದಾಗಿ ಘರ್ಷಣೆಯನ್ನು ಸೃಷ್ಟಿಸುವುದಿಲ್ಲ. ಇರುವ ಹತ್ತು ಅಂಶಗಳನ್ನು ಜಾಣತನದಿಂದ ಖರ್ಚು ಮಾಡುತ್ತವೆ, ಅಷ್ಟೆ. ಹತ್ತರ ಬದಲು ಹದಿನೈದು ಬೇಕಾಗುವ ವೇಗದಲ್ಲಿ ತಿರುವಿಗೆ ನುಗ್ಗಿದರೆ ಯಾವ ಕಂಪ್ಯೂಟರೂ ಕಾಪಾಡದು.

ನಿಲ್ಲುವ ದೂರವನ್ನೂ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಘರ್ಷಣಾ ಗುಣಾಂಕ 0.8 ಇದ್ದಾಗ ಗಂಟೆಗೆ 50 ಕಿ.ಮೀ. ವೇಗದ ಕಾರು ಬ್ರೇಕ್ ಒತ್ತಿದ ಮೇಲೆ ಸುಮಾರು 12 ಮೀಟರ್ ಸಾಗಿ ನಿಲ್ಲುತ್ತದೆ. ವೇಗ ಎರಡರಷ್ಟಾಗಿ 100 ಆದರೆ ದೂರ ಎರಡರಷ್ಟಲ್ಲ, ನಾಲ್ಕರಷ್ಟು: ಸುಮಾರು 49 ಮೀಟರ್. ಮಳೆಯಲ್ಲಿ 98. ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಬರಲು ಒಂದು ಸೆಕೆಂಡ್ ಬೇಕೆಂದರೆ ಇನ್ನೂ 28 ಮೀಟರ್ ಸೇರಿಸಬೇಕು. ಒಟ್ಟು 126 ಮೀಟರ್. ಒಂದು ಫುಟ್‌ಬಾಲ್ ಮೈದಾನಕ್ಕಿಂತ ಉದ್ದ.

ಇಲ್ಲಿಯೇ ಐಷಾರಾಮಿ ಕಾರಿನ ದೊಡ್ಡ ವಿಪರ್ಯಾಸವಿರುವುದು. ಅದು ನಿಶ್ಶಬ್ದ. ಅದುರುವುದಿಲ್ಲ. ಹಳೆಯ ಕಾರಿನಲ್ಲಿ 80 ಕಿ.ಮೀ. ದಾಟಿದೊಡನೆ ಕಿಟಕಿಯ ಗಾಜು ಗಡಗಡಿಸುತ್ತಿತ್ತು, ಚಾಲಕ ತಾನಾಗಿ ಕಾಲು ಸಡಿಲಿಸುತ್ತಿದ್ದ. ಹೊಸ ಕಾರಿನಲ್ಲಿ 120 ಕೂಡ 60ರಂತೆ ಭಾಸವಾಗುತ್ತದೆ. ಕಿವಿಗೂ ಮೈಗೂ ಸಿಗದ ಎಚ್ಚರಿಕೆಯನ್ನು ಕಣ್ಣು ವೇಗಮಾಪಕದಿಂದಲೇ ಪಡೆಯಬೇಕು. ಮನೆಗೆ ಹೊಸ ಕಾರು ತಂದು ಮಗನಿಗೋ ಮಗಳಿಗೋ ಬೀಗದ ಕೈ ಕೊಡುವ ತಂದೆತಾಯಿಗಳು ಅದರ ಶಕ್ತಿ, ಬಣ್ಣ, ಸಂಗೀತದ ಜೊತೆಗೆ ಈ ವಿಷಯವನ್ನೂ ಮಾತಾಡುವುದು ಒಳ್ಳೆಯದು.

ಈ ಮೂರು ಕಾರುಗಳಲ್ಲಿ ಯಾವುದು ಉತ್ತಮ? ತಿರುವುಗಳನ್ನು ಇಷ್ಟಪಡುವವರು ಬಿಎಂಡಬ್ಲ್ಯು ಎನ್ನಬಹುದು, ದೂರ ಪ್ರಯಾಣದವರು ಮರ್ಸಿಡಿಸ್ ಎನ್ನಬಹುದು, ಹಿಮದ ನಾಡಿನವರು ಆಡಿ ಎನ್ನಬಹುದು. ಕೊಳ್ಳುವ ಶಕ್ತಿಯಿರುವವರಿಗೆ ಆ ಆಯ್ಕೆ ಇದೆ. ಘರ್ಷಣೆಯ ನಿಯಮದ ಮುಂದೆ ಮಾತ್ರ ಯಾರಿಗೂ ಆಯ್ಕೆಯಿಲ್ಲ. ಸೈಕಲ್ಲಿಗೂ ಬಸ್ಸಿಗೂ ಆ ಕಾರುಗಳಿಗೂ ಅದು ಒಂದೇ. ಮುಂದಿನ ಮಳೆಗಾಲದಲ್ಲಿ ಸ್ಕೂಟರ್ ಹತ್ತುವ ಮುನ್ನ ಟೈರಿನ ಹಲ್ಲುಗಳು ಎಷ್ಟು ಸವೆದಿವೆ ಎಂದು ಬಗ್ಗಿ ನೋಡಿದರೆ, ಈ ಪಾಠದ ಅರ್ಧ ಪ್ರಾಯೋಗಿಕ ಪರೀಕ್ಷೆ ಮುಗಿದಂತೆ.