ಹೊಸ ವರ್ಷದ ದಾಸ್ತಾನು ಪರಿಶೀಲನೆ

ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಹೊಸ ವರ್ಷ ಒಂದೇ ದಿನ ಬರುವುದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ಬದಲಾಗುವುದು ಜನವರಿ 1ರಂದು. ಬ್ಯಾಂಕು ಹಾಗೂ ಸಹಕಾರ ಸಂಘಗಳ ಲೆಕ್ಕ ಹೊಸದಾಗುವುದು ಏಪ್ರಿಲ್ 1ರಂದು. ಪಂಚಾಂಗದ ಸಂವತ್ಸರ ಬದಲಾಗುವುದು ಯುಗಾದಿಯ ಪಾಡ್ಯದಂದು. ಹೊಲಮನೆಯ ಕೆಲಸಕ್ಕೆ ಆಳು ಗೊತ್ತುಮಾಡುವ, ಲಾವಣಿಗೆ ಹೊಲ ಕೊಡುವ ವಾಡಿಕೆಯ ವರ್ಷವೂ ಯುಗಾದಿಯಿಂದ ಯುಗಾದಿಗೆ. ಇವೆಲ್ಲದರ ನಡುವೆ, ಡಿಸೆಂಬರ್‌ನ ಕೊನೆ ಅಥವಾ ಜನವರಿಯ ಆರಂಭದ ಹೊತ್ತಿಗೆ, ಎಳ್ಳಮಾವಾಸ್ಯೆ ಬರುತ್ತದೆ. 2024ರಲ್ಲಿ ಅದು ಡಿಸೆಂಬರ್ 30ರಂದು ಬಂದಿತ್ತು; ಕ್ಯಾಲೆಂಡರಿನ ಹೊಸ ವರ್ಷಕ್ಕೂ ಅದಕ್ಕೂ ನಡುವೆ ಒಂದೇ ದಿನ ಉಳಿದಿತ್ತು.

ಇವುಗಳಲ್ಲಿ ಯಾವುದು ‘ನಮ್ಮ’ ಹೊಸ ವರ್ಷ ಎಂಬ ವಾಗ್ವಾದ ಪ್ರತಿವರ್ಷವೂ ನಡೆಯುತ್ತದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಬಂದ ವರ್ಷವನ್ನು ಯಾವ ಕೆಲಸದಿಂದ ಆರಂಭಿಸಬೇಕು ಎಂಬುದು. ಡಿಸೆಂಬರ್ 31ರ ರಾತ್ರಿಯ ನಗರದ ಗದ್ದಲ ಈಗ ತಾಲ್ಲೂಕು ಕೇಂದ್ರಗಳ ಹೊರವಲಯದ ಧಾಬಾಗಳವರೆಗೂ ತಲುಪಿದೆ. ಯುವಜನರ ಸಂಭ್ರಮಕ್ಕೆ ಯಾರ ಆಕ್ಷೇಪವೂ ಇರಬೇಕಾಗಿಲ್ಲ. ಆದರೆ ಕುಟುಂಬವೆಲ್ಲ ಸೇರಿ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಎರಡು ಕೆಲಸಗಳಿವೆ: ಈ ನೆಲದ ಅಡುಗೆಯನ್ನು ಮನೆಯಲ್ಲಿಯೇ ಮಾಡಿ ಉಣ್ಣುವುದು, ಮಕ್ಕಳನ್ನು ಕರೆದುಕೊಂಡು ಒಂದು ವಸ್ತುಸಂಗ್ರಹಾಲಯ ನೋಡಿ ಬರುವುದು. ಮೇಲ್ನೋಟಕ್ಕೆ ಸಂಬಂಧವಿಲ್ಲದಂತೆ ತೋರುವ ಇವೆರಡೂ ವಾಸ್ತವವಾಗಿ ಒಂದೇ ಕೆಲಸದ ಎರಡು ಭಾಗಗಳು.

ಸರ್ಕಾರಿ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲನೆ ನಡೆಯುತ್ತದೆ. ದಾಸ್ತಾನು ವಹಿಯನ್ನು ಕೈಯಲ್ಲಿ ಹಿಡಿದು, ಕಚೇರಿಯ ಒಂದೊಂದೇ ವಸ್ತುವನ್ನು ಕಣ್ಣಾರೆ ಕಂಡು ಗುರುತು ಹಾಕುವ ನೀರಸ ಕೆಲಸವದು. ಕೊನೆಗೆ ಮೂರು ಪಟ್ಟಿಗಳಾಗುತ್ತವೆ: ಬಳಕೆಯಲ್ಲಿರುವವು, ಬಳಕೆಯಲ್ಲಿಲ್ಲದಿದ್ದರೂ ಕಾಪಾಡಬೇಕಾದವು, ಲೆಕ್ಕದಿಂದ ಕೈಬಿಡಬೇಕಾದವು. ಒಂದು ಸಮಾಜಕ್ಕೂ ಇಂಥ ಪರಿಶೀಲನೆ ಬೇಕು. ಅದರ ಮೊದಲ ಪಟ್ಟಿ ಅಡುಗೆಮನೆಯಲ್ಲಿದೆ. ಎರಡನೆಯದು ವಸ್ತುಸಂಗ್ರಹಾಲಯದಲ್ಲಿ ಇರಬೇಕು. ಎರಡರಲ್ಲಿಯೂ ಸೇರದೆ ಗುಜರಿ ಸೇರುವ ಮೂರನೆಯ ಪಟ್ಟಿ ಮಾತ್ರ ಯಾರೂ ಸಹಿ ಹಾಕದೆಯೇ ಪ್ರತಿವರ್ಷ ಬೆಳೆಯುತ್ತಿದೆ.

ಮೊದಲು ಅಡುಗೆಮನೆಯನ್ನು ನೋಡೋಣ. ಎಳ್ಳಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಬಳಿಕ ಬಂಧುಬಳಗದೊಡನೆ ಉಣ್ಣುವುದು ಈ ಭಾಗದ ಪದ್ಧತಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಮಡಕಿಕಾಳು, ಅಗಸಿ ಮತ್ತು ಗುರೆಳ್ಳಿನ ಚಟ್ನಿ, ಕೆಂಪು ಖಾರ, ಶೇಂಗಾ ಹೋಳಿಗೆ, ಕಡುಬು, ಮೊಸರನ್ನ ಎಂದು ಬುತ್ತಿ ಬಿಚ್ಚಿಕೊಳ್ಳುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯ ಕಣ್ಣಿಗೆ ಇದು ಬರಿಯ ಊಟದ ಪಟ್ಟಿಯಲ್ಲ, ಒಂದು ಬೆಳೆಪದ್ಧತಿಯ ಪಹಣಿ. ಎರೆಹೊಲದ ಬಿಳಿಜೋಳ, ಅದರ ನಡುವೆ ಅಕ್ಕಡಿಯಾಗಿ ಬಿತ್ತುತ್ತಿದ್ದ ಅಗಸಿ, ಕುಸುಬೆ, ಬದುವಿನ ಪಕ್ಕದ ಪುಂಡಿ, ಹಿತ್ತಲಿನ ಬದನೆ ಎಲ್ಲವೂ ಅದರಲ್ಲಿ ದಾಖಲಾಗಿವೆ. ತಟ್ಟೆಯಿಂದ ಅಗಸಿ ಚಟ್ನಿ ಮರೆಯಾದರೆ ಹೊಲದಿಂದ ಅಗಸಿಯ ಸಾಲೂ ಮರೆಯಾಗುತ್ತದೆ. ಹೊಲದಿಂದ ಸಾಲು ಹೋದರೆ ಚಟ್ನಿ ಪೇಟೆಯ ಪೊಟ್ಟಣವಾಗುತ್ತದೆ. ಎರಡರಲ್ಲಿ ಯಾವುದು ಮೊದಲು ಎಂದು ಹೇಳುವುದು ಕಷ್ಟ.

ತಾಲ್ಲೂಕಿನಿಂದ ತಾಲ್ಲೂಕಿಗೆ ಈ ಪಟ್ಟಿ ಬದಲಾಗುವುದೂ ಗಮನಾರ್ಹ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಜೋಳ. ಕುಂದಗೋಳದಲ್ಲಿ ಮೆಣಸಿನಕಾಯಿ, ಶೇಂಗಾ, ಹತ್ತಿ. ಮಲೆನಾಡಿನ ಅಂಚಿನ ಕಲಘಟಗಿಯಲ್ಲಿ ಭತ್ತ. ಈಗ ಭತ್ತದ ಜಾಗದಲ್ಲಿ ಗೋವಿನಜೋಳ ಹಬ್ಬಿದೆ. ಬೆಳೆಯುವವನ ಮನೆಯಲ್ಲಿ ಅದರ ಅಡುಗೆ ಆಗುವುದು ಅಪರೂಪ; ಬಹುಪಾಲು ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ.

ಕಡಲೆಯ ಉದಾಹರಣೆ ಇನ್ನೂ ಬೋಧಪ್ರದ. ಉತ್ತರ ಕರ್ನಾಟಕದಲ್ಲಿ ಯುಗಾದಿಯ ಹೋಳಿಗೆಗೆ ಹೂರಣವಾಗುವುದು ಕಡಲೆಬೇಳೆ. ಬೇವಿನ ಹೂವು, ಬೆಲ್ಲ, ಹುಣಸೆಯ ನೀರು ಬೆರೆಸಿ ಇಲ್ಲಿ ಕುಡಿಯುವ ‘ಬೇವು’ ಎಂಬ ಪಾನಕಕ್ಕೂ ಪುಟಾಣಿಯ ಹಿಟ್ಟು ಬೇಕು. 1978ರಲ್ಲಿ ಬಿಡುಗಡೆಯಾದ ‘ಅಣ್ಣಿಗೇರಿ-1’ ಎಂಬ ಕಡಲೆ ತಳಿ ದಶಕಗಳ ಕಾಲ ಕರ್ನಾಟಕದ ರೈತರ ಮೆಚ್ಚಿನ ತಳಿಯಾಗಿ ಉಳಿಯಿತು. ಸೊರಗು ರೋಗಕ್ಕೆ ಅದು ತುತ್ತಾಗತೊಡಗಿದಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ರೋಗನಿರೋಧಕ ಗುಣವನ್ನು ಸೇರಿಸಿ ‘ಸೂಪರ್ ಅಣ್ಣಿಗೇರಿ-1’ ರೂಪಿಸಿದರು. ಒಂದು ಸಣ್ಣ ಊರಿನ ಹೆಸರು ದೇಶದ ಕೃಷಿ ವಿಜ್ಞಾನದಲ್ಲಿ ಹೀಗೆ ನೆಲೆಯಾಗಿದೆ. ಹೋಳಿಗೆ ಬಡಿಸುವಾಗ ಮಕ್ಕಳಿಗೆ ಈ ಕಥೆ ಹೇಳುವುದಕ್ಕೆ ಎರಡು ನಿಮಿಷ ಸಾಕು.

ಮನೆಯಡುಗೆಯ ಮಾತು ಬಂದಾಗ ಒಂದು ಎಚ್ಚರವೂ ಬೇಕು. ಹಳೆಯ ಅಡುಗೆಯ ಗುಣಗಾನ ಮಾಡುವವರು ಅದರ ಹಿಂದಿನ ದುಡಿಮೆಯನ್ನು ಮರೆಯುತ್ತಾರೆ. ಕತ್ತಲಿರುವಾಗಲೇ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತವರು, ಹೊಗೆಯ ಒಲೆಯ ಮುಂದೆ ಹತ್ತಾರು ಜನರಿಗೆ ರೊಟ್ಟಿ ಬಡಿದವರು ಹೆಣ್ಣುಮಕ್ಕಳು. ಆ ದುಡಿಮೆ ರಾಷ್ಟ್ರೀಯ ಆದಾಯದ ಯಾವ ಲೆಕ್ಕದಲ್ಲಿಯೂ ಬರಲಿಲ್ಲ. ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದ್ದು ಒಳ್ಳೆಯದೇ ಆಯಿತು. 2013ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯದಿಂದ ಬಡವರ ಮನೆಯಲ್ಲಿ ಅನ್ನ ಹೆಚ್ಚಿ, ಹಸಿವು ತಗ್ಗಿದ್ದೂ ಒಳ್ಳೆಯದೇ. ಆದ್ದರಿಂದ ಹೊಸ ವರ್ಷದ ಮನೆಯಡುಗೆ ಎಂದರೆ ಗೃಹಿಣಿಯ ಮೇಲೆ ಇನ್ನೊಂದು ಹೊರೆಯಾಗಬಾರದು. ಅಂದು ಗಂಡಸರೂ ಮಕ್ಕಳೂ ಹಿಟ್ಟು ನಾದಲಿ, ಹೂರಣ ಕಟ್ಟಲಿ. ಒಂದು ರೊಟ್ಟಿಯನ್ನು ಹರಿಯದಂತೆ ಬಡಿದು ಹಂಚಿಗೆ ಹಾಕುವುದು ಎಷ್ಟು ಕೌಶಲದ ಕೆಲಸ ಎಂಬುದು ಕೈಗೆ ಹಿಟ್ಟು ಮೆತ್ತಿದಾಗಲೇ ತಿಳಿಯುತ್ತದೆ.

ಮೂಲೆ ಸೇರಿದ ಆ ಬೀಸುವ ಕಲ್ಲು ಮುಂದೆ ಎಲ್ಲಿಗೆ ಹೋಗಬೇಕು? ಎರಡನೆಯ ಪಟ್ಟಿ ಆರಂಭವಾಗುವುದು ಇಲ್ಲಿಂದ. ಬಳಸುವ ಅಗತ್ಯವಿಲ್ಲದ, ಆದರೆ ಮರೆಯಲೂ ಬಾರದ ವಸ್ತುವಿಗೆ ಗೌರವದ ನಿವೃತ್ತಿ ಕೊಡುವ ಜಾಗವೇ ವಸ್ತುಸಂಗ್ರಹಾಲಯ.

ಈ ನಾಲ್ಕು ತಾಲ್ಲೂಕುಗಳ ಜನ ಒಂದೇ ದಿನದಲ್ಲಿ ಹೋಗಿಬರಬಹುದಾದ ಸಂಗ್ರಹಾಲಯಗಳಿವೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಸ್ಥಾಪನೆಯಾಯಿತು, ಆರ್.ಎಸ್. ಪಂಚಮುಖಿಯವರು ಅದರ ಮೊದಲ ನಿರ್ದೇಶಕರು. ಈಗ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಅದರ ಸಂಗ್ರಹಾಲಯದಲ್ಲಿ ಶಿಲ್ಪಗಳೂ ಶಾಸನಗಳೂ ಇವೆ. ಶಾಸನವೆಂದರೆ ರಾಜರ ಬಿರುದಾವಳಿ ಮಾತ್ರವೆಂದು ಮಕ್ಕಳು ತಿಳಿದಿರುತ್ತಾರೆ. ನಮ್ಮ ದಾನಶಾಸನಗಳಲ್ಲಿ ದೀಪಕ್ಕೆ ಬಿಟ್ಟ ಎಣ್ಣೆ, ನೈವೇದ್ಯಕ್ಕೆ ಬಿಟ್ಟ ಧಾನ್ಯ, ಅದರ ಅಳತೆ ಎಲ್ಲವೂ ಇರುತ್ತವೆ. ಆ ಶಾಸನಗಳ ಕೊಳಗ, ಸೊಲ್ಲಗೆಗಳು ಮೆಟ್ರಿಕ್ ಪದ್ಧತಿ ಬರುವವರೆಗೂ ಕೊಳಗ, ಸೊಲಗಿ ಎಂಬ ಹೆಸರಿನಲ್ಲಿ ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದವು. ಸಾವಿರ ವರ್ಷ ಬಾಳಿದ ಅಳತೆ ಒಂದೇ ತಲೆಮಾರಿನಲ್ಲಿ ಮರೆತುಹೋಯಿತು. ಅಜ್ಜಿಯ ಮನೆಯ ಅಟ್ಟದ ಮೇಲಿನ ಸೊಲಗಿಗೂ ಕಲ್ಲಿನ ಮೇಲಿನ ಅಕ್ಷರಕ್ಕೂ ಇರುವ ನಂಟನ್ನು ಕಂಡ ಮಗುವಿಗೆ ಇತಿಹಾಸ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.

ಹುಬ್ಬಳ್ಳಿಯಲ್ಲಿ 2020ರ ಆಗಸ್ಟ್‌ನಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ಆರಂಭವಾಗಿದೆ. ಕುಂದಗೋಳದವರು ಅದನ್ನು ನೋಡಲು ಬೇರೊಂದು ಕಾರಣವೂ ಇದೆ. ಅವರ ಊರಿನ ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಬರುತ್ತಿದ್ದುದು ರೈಲಿನಲ್ಲಿಯೇ. ಹುಬ್ಬಳ್ಳಿ–ಹಾವೇರಿ ಹೆದ್ದಾರಿಯಲ್ಲಿ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಕಲಾವಿದ ಟಿ.ಬಿ. ಸೊಲಬಕ್ಕನವರು ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಕಟ್ಟಿಕೊಟ್ಟಿದ್ದಾರೆ. ಅಣ್ಣಿಗೇರಿಯವರಿಗೆ ಗದಗ ದಾಟಿದರೆ ಲಕ್ಕುಂಡಿಯ ಶಿಲ್ಪ ಸಂಗ್ರಹಾಲಯ ಸಮೀಪ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಯಿತು. ದೇವಸ್ಥಾನಗಳಿಗೆ ಹೊರಡುವ ಆ ಗುಂಪುಗಳ ದಾರಿಯಲ್ಲಿ ಸಂಗ್ರಹಾಲಯವೂ ಒಂದು ನಿಲ್ದಾಣವಾಗಬಹುದು.

ಆದರೆ ನನ್ನ ನಿಜವಾದ ಆತಂಕ ಮೂರನೆಯ ಪಟ್ಟಿಯದು. ನವಲಗುಂದದಲ್ಲಿ ಮುಸ್ಲಿಂ ಮಹಿಳೆಯರು ನಿಲುವು ಮಗ್ಗದಲ್ಲಿ ನೇಯುವ ಜಮಖಾನೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಆದರೂ ನೇಯುವವರ ಸಂಖ್ಯೆ ಬಹಳ ಕಡಿಮೆಯಾಗಿದೆ. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲು, 2018ರಲ್ಲಿ ನಟ ಅಂಬರೀಷ್ ಅವರು ನಟ ಯಶ್ ದಂಪತಿಯ ಮಗುವಿಗಾಗಿ ಮಾಡಿಸಿದಾಗ, ನಾಡಿನಾದ್ಯಂತ ಸುದ್ದಿಯಾಯಿತು. ಆ ತೊಟ್ಟಿಲು ಮಾಡಬಲ್ಲ ಕೈಗಳು ಮಾತ್ರ ಬೆರಳೆಣಿಕೆಯವು. ಬೀದಿಯ ಕೆಳಗೆ ಜೋಳ ತುಂಬಿಡುತ್ತಿದ್ದ ಹಗೇವುಗಳು ಕಾಂಕ್ರೀಟಿನಡಿ ಮುಚ್ಚಿಹೋದವು. ಕೂರಿಗೆ, ರಂಟೆ, ಶಾವಿಗೆ ಮಣೆ, ರೊಟ್ಟಿ ಬಡಿಯುವ ಕಟ್ಟಿಗೆಯ ಕೊಣಮಿಗೆ ಒಲೆಗೆ ಉರುವಲಾದವು. ಹಳೆಯ ವಾಡೆಗಳ ಕೆತ್ತನೆಯ ಕಂಬಗಳು ದೂರದ ನಗರಗಳ ರೆಸಾರ್ಟುಗಳಿಗೆ ಅಲಂಕಾರವಾದವು. ಮಾರುವವನಿಗೆ ಸಿಗುವುದು ಕಟ್ಟಿಗೆಯ ಬೆಲೆ. ಕೊನೆಗೆ ಕೊಳ್ಳುವವನು ತೆರುವುದು ಪ್ರಾಚ್ಯವಸ್ತುವಿನ ಬೆಲೆ. ನಡುವಿನ ಅಂತರದಲ್ಲಿ ಊರಿಗೆ ಉಳಿಯುವುದು ಏನೂ ಇಲ್ಲ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಸ್ವೀಡನ್ನಿನಲ್ಲಿ ಆರ್ಟರ್ ಹಾಜೇಲಿಯಸ್ ಎಂಬಾತ, ಕೈಗಾರಿಕೆಯ ಭರದಲ್ಲಿ ಹಳ್ಳಿಗಳ ಬದುಕು ಕಾಣೆಯಾಗುತ್ತಿರುವುದನ್ನು ಕಂಡು, 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆದ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರದು. ರಾಮನಗರದ ಬಳಿ 1994ರಲ್ಲಿ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಿವೃತ್ತ ಐಎಎಸ್ ಅಧಿಕಾರಿ. ನಿವೃತ್ತಿಯ ನಂತರ ಏನು ಮಾಡಬೇಕೆಂದು ಕೇಳುವ ನನ್ನಂಥವರಿಗೆ ಅವರಿಗಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಪ್ರತಿ ತಾಲ್ಲೂಕಿಗೆ ಜಾನಪದ ಲೋಕದಂಥ ಸಂಸ್ಥೆ ಸಾಧ್ಯವಾಗದಿರಬಹುದು. ಒಂದು ಕೋಣೆಯಂತೂ ಸಾಧ್ಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವುಗಳಲ್ಲಿ ಒಂದು ಗೋಡೆಯನ್ನು, ತಾಲ್ಲೂಕು ಕೇಂದ್ರದ ಹಳೆಯ ಸರ್ಕಾರಿ ಕಟ್ಟಡವೊಂದರಲ್ಲಿ ಒಂದು ಕೋಣೆಯನ್ನು ಇದಕ್ಕೆ ಮೀಸಲಿಡಬಹುದು. ವಸ್ತು ಕೊಟ್ಟ ಮನೆತನದ ಹೆಸರು, ಅದರ ಸ್ಥಳೀಯ ಹೆಸರು, ಬಳಕೆಯ ವಿಧಾನ ಇಷ್ಟನ್ನು ಬರೆದಿಡಲು ಒಂದು ವಹಿ ಸಾಕು. ವಿವರ ಹೇಳುವ ಹಿರಿಯರಿಗೆ, ಮುಖ್ಯವಾಗಿ ಅಜ್ಜಿಯರಿಗೆ, ತಜ್ಞರಿಗೆ ಕೊಡುವಂತೆ ಗೌರವಧನ ಕೊಡಬೇಕು. ಇನ್ನೊಂದು ಮಾತು: ಸರ್ಕಾರಿ ರಜೆಯೇ ಸಂಗ್ರಹಾಲಯಕ್ಕೂ ರಜೆಯಾದರೆ ದುಡಿಯುವವರು ಅದನ್ನು ನೋಡುವುದು ಯಾವಾಗ? ಯುಗಾದಿಯ ದಿನವೂ ಬಾಗಿಲು ತೆರೆದಿರಲಿ. ಸಿಬ್ಬಂದಿಗೆ ಬೇರೆ ದಿನ ರಜೆ ಕೊಡಬಹುದು.

ಸರ್ಕಾರ ಮಾಡುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಈ ಹೊಸ ವರ್ಷಕ್ಕೆ, ಅದು ಜನವರಿಯದಾಗಲಿ ಯುಗಾದಿಯದಾಗಲಿ, ಮನೆಯ ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಡಿ. ಮೊದಲ ಪುಟದಲ್ಲಿ ಅಂದಿನ ಊಟದ ಪಟ್ಟಿಯನ್ನೂ ಯಾವ ಪದಾರ್ಥ ಯಾವ ಹೊಲದ್ದು ಎಂಬುದನ್ನೂ ಬರೆಯಲಿ. ಎರಡನೆಯ ಪುಟದಲ್ಲಿ ಸಂಗ್ರಹಾಲಯದಲ್ಲಿ ಕಂಡ, ತಮ್ಮ ಮನೆಯಲ್ಲಿಯೂ ಇರುವ ಅಥವಾ ಒಂದು ಕಾಲಕ್ಕೆ ಇದ್ದ ವಸ್ತುಗಳನ್ನು ಗುರುತಿಸಲಿ. ಅಟ್ಟ ಮತ್ತು ಹಿತ್ತಲುಗಳನ್ನು ನೋಡಿ ಮೂರನೆಯ ಪುಟ ತುಂಬುವಷ್ಟರಲ್ಲಿ ಕನಿಷ್ಠ ಒಂದು ವಸ್ತುವಾದರೂ ಗುಜರಿಯ ಗಾಡಿಯಿಂದ ಉಳಿದರೆ, ಆ ವರ್ಷದ ಲೆಕ್ಕ ಲಾಭದಿಂದಲೇ ಆರಂಭವಾಯಿತೆಂದು ತಿಳಿಯಬಹುದು.