ಅಡುಗೆಕೋಣೆಯ ದೀಪ ಎಲ್ಲರ ಕಣ್ಣಿಗೂ ಹಿತವಾಗಿರಲಿ

ಕಾಸರಗೋಡು ಕಡೆಯ ನಮ್ಮ ಹಳೆಯ ಹಂಚಿನ ಮನೆಗಳಲ್ಲಿ ಅಡುಗೆಕೋಣೆ ಹಿಂಬದಿಗೆ, ಮಾಡಿನ ಇಳಿಜಾರಿನ ಕೆಳಗೆ ಇರುತ್ತದೆ. ಕಿಟಕಿ ಸಣ್ಣದು, ಗೋಡೆ ಹೊಗೆಯಿಂದ ಕಪ್ಪು, ಹೊರಗೆ ಅಡಿಕೆ ತೋಟದ ನೆರಳು. ಮಳೆಗಾಲದಲ್ಲಂತೂ ಹಗಲಿಗೂ ದೀಪ ಬೇಕು. ಆದರೆ ಚಾವಡಿಗೆ ಹೊಸ ದೀಪ ತರುವ ನಾವು, ಕತ್ತಿ ಮತ್ತು ಬೆಂಕಿಯ ಜೊತೆ ಕೆಲಸ ಮಾಡುವ ಜಾಗಕ್ಕೆ ನಡುವೆ ಒಂದೇ ಬಲ್ಬು ತೂಗಿಸಿ ಸುಮ್ಮನಾಗುತ್ತೇವೆ.

ಒಂದೇ ದೀಪ ಎಲ್ಲರಿಗೂ ಒಂದೇ ರೀತಿ ಕಾಣುವುದಿಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. 20ರ ಹರೆಯದವರ ಕಣ್ಣಿನ ಒಳಪರದೆಗೆ ತಲಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ 60 ವರ್ಷದವರಿಗೆ ಸಿಗುತ್ತದೆ. ಸೊಸೆಗೆ ಸಾಕಾಗುವ ದೀಪದಲ್ಲಿ ಅತ್ತೆ ಅಕ್ಕಿಯ ಕಲ್ಲು ಹೆಕ್ಕಲಾರರು. ಅದು ಅವರ ಅಸಡ್ಡೆಯಲ್ಲ. ಹಾಗೆಂದು ದೊಡ್ಡ ಬಲ್ಬು ಹಾಕಿದರೂ ಆಗದು. ಕಣ್ಣಿನಲ್ಲಿ ಪೊರೆ ಇರುವವರಿಗೆ ಬರಿಯ ಬಲ್ಬಿನ ಬೆಳಕು ನೇರವಾಗಿ ಬಡಿದರೆ ಎದುರಿನ ವಸ್ತುವೇ ಮಂಜಾಗುತ್ತದೆ. ಅರೆತಲೆನೋವಿನವರಿಗೂ ಅದು ಕಷ್ಟ.

ಆದ್ದರಿಂದ ಕೋಣೆಗೆ ಒಂದು ಸಾಧಾರಣ ದೀಪ, ಕೆಲಸದ ಜಾಗಕ್ಕೆ ಇನ್ನೊಂದು ದೀಪ ಇರಲಿ. ಎರಡಕ್ಕೂ ಬೇರೆ ಬೇರೆ ಸ್ವಿಚ್ಚು ಇದ್ದರೆ ಬೇಕಾದವರು ಬೇಕಾದಷ್ಟೇ ಉರಿಸಬಹುದು.

ದೀಪ ಬೆನ್ನ ಹಿಂದಿದ್ದರೆ ನಮ್ಮದೇ ನೆರಳು ಮೆಟ್ಟುಕತ್ತಿಯ ಮೇಲೆ ಬೀಳುತ್ತದೆ, ಬೆರಳು ಕುಯ್ಯುತ್ತದೆ. ಕೆಲಸದ ದೀಪ ಎದುರಿಗೆ, ತುಸು ಮೇಲೆ ಇರಲಿ. ಬಲ್ಬು ಕಣ್ಣಿಗೆ ಕಾಣದಂತೆ ಮರೆ ಇರಲಿ. ಎರಡು ಮೀಟರ್ ದೂರದ ದೀಪವನ್ನು ಒಂದು ಮೀಟರಿಗೆ ತಂದರೆ ಕೈಯ ಮೇಲೆ ಬೀಳುವ ನೇರ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ, ಕರೆಂಟು ಖರ್ಚು ಹೆಚ್ಚುವುದಿಲ್ಲ. ಒಲೆಯ ಬೆಂಕಿ ಮತ್ತು ನೀರು ತಾಗದ ಕಡೆಯಲ್ಲಿ, ವಯರಿಂಗ್ ಬಲ್ಲವರಿಂದಲೇ ಇದನ್ನು ಮಾಡಿಸಬೇಕು.

ಬಲ್ಬು ಕೊಳ್ಳುವಾಗ ವಾಟ್ ಮಾತ್ರ ನೋಡಬೇಡಿ. ವಾಟ್ ಎಂದರೆ ಕರೆಂಟಿನ ಖರ್ಚು. ಬೆಳಕಿನ ಅಳತೆ ಲ್ಯೂಮೆನ್. 9 ವಾಟಿನ ಎಲ್‌ಇಡಿ ಹಳೆಯ 60 ವಾಟಿನ ಬಲ್ಬಿನಷ್ಟೇ ಬೆಳಕು ಕೊಡುತ್ತದೆ. ಪೊಟ್ಟಣದ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಹಳದಿ ಬೆಳಕು, 4000 ಎಂದಿದ್ದರೆ ಸಾದಾ ಬಿಳಿ, 6500 ಎಂದಿದ್ದರೆ ನೀಲಿ ಬೆರೆತ ಬಿಳಿ. ನೀಲಿ ಬೆಳಕು ಚುಚ್ಚುತ್ತದೆ ಎನ್ನುವವರು ಮನೆಯಲ್ಲಿದ್ದರೆ 3000 ಅಥವಾ 4000ದ್ದನ್ನು ಹಾಕಿ ನೋಡಿ.

ಕಡಿಮೆ ಖರ್ಚಿನ ದಾರಿಗಳೂ ಇವೆ. ಮಾಡಿಗೆ ಒಂದೆರಡು ಗಾಜಿನ ಹಂಚು ಇಡಿ. ಗೋಡೆಗೆ ಸುಣ್ಣ ಬಳಿಯಿರಿ. ಕಪ್ಪು ಗೋಡೆ ಬೆಳಕನ್ನು ನುಂಗುತ್ತದೆ. ಸ್ವಿಚ್ಚು ಆರಿಸಿ, ಬಲ್ಬು ತಣಿದ ಮೇಲೆ ಅದರ ಮಸಿಯನ್ನು ಒಣಬಟ್ಟೆಯಿಂದ ಒರೆಸಿ. ರಾತ್ರಿ ನೀರಿಗೆಂದು ಏಳುವ ಅಜ್ಜ ಹೊಸ್ತಿಲು ಎಡವದಂತೆ ಮೊಣಕಾಲೆತ್ತರದಲ್ಲಿ ಮಂದವಾದ ಹಳದಿ ದೀಪವೊಂದಿರಲಿ.

ಇಷ್ಟಾದರೂ ಮಂಜು ಮಂಜಾಗಿ ಕಂಡರೆ ದೋಷ ದೀಪದ್ದಲ್ಲ, ಕಣ್ಣಿನ ವೈದ್ಯರಿಗೆ ತೋರಿಸಿ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಅದಕ್ಕೆ ನೆರವಿದೆ. ದೀಪದ ಸುತ್ತ ಬಣ್ಣದ ಬಳೆ ಕಂಡು, ಕಣ್ಣು ಕೆಂಪಾಗಿ ತೀವ್ರವಾಗಿ ನೋವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

"ಕಣ್ಣು ಕಾಣದವರಿಗೆ ಅಡುಗೆಮನೆಯಲ್ಲಿ ಏನು ಕೆಲಸ?" ಎಂದು ಹಿರಿಯರನ್ನು ಬದಿಗೆ ಕೂರಿಸುವ ಮೊದಲು, ಅವರು ಕೂರುವ ಜಾಗದಲ್ಲಿ ನಾವೇ ಒಮ್ಮೆ ಕುಳಿತು ಬೆಳಕು ಎಷ್ಟಿದೆ ಎಂದು ನೋಡೋಣ.